ರೆಡಿಮೇಡ್ ಪ್ರಾಜೆಕ್ಟ್ ಬೇಡ, ಮುರಿದ ಬ್ಲೇಡ್ ಕೊಡಿ

ಆರನೇ ಸೆಮಿಸ್ಟರ್ ಶುರುವಾದರೆ ಸಾಕು, ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ: ‘ಪ್ರಾಜೆಕ್ಟ್ ಎಲ್ಲಿ ಮಾಡಿಕೊಡ್ತಾರೆ, ಎಷ್ಟಾಗುತ್ತೆ?’ ನಾಲ್ವರು ಸೇರಿ ದುಡ್ಡು ಹಾಕಿದರೆ ಮಾಡೆಲ್, ರಿಪೋರ್ಟ್, ಪಿಪಿಟಿ ಎಲ್ಲವೂ ಒಂದೇ ಪ್ಯಾಕೇಜಿನಲ್ಲಿ ಬರುತ್ತವೆ. ವೈವಾದಲ್ಲಿ ಏನು ಕೇಳಬಹುದು, ಏನು ಹೇಳಬೇಕು ಎಂಬ ಹಾಳೆಯೂ ಜತೆಗಿರುತ್ತದೆ. ಹೋದ ವರ್ಷ ಸೀನಿಯರ್‌ಗಳು ತೋರಿಸಿದ ಸೋಲಾರ್ ಹುಲ್ಲು ಕತ್ತರಿಸುವ ಯಂತ್ರ ಈ ವರ್ಷ ಬಣ್ಣ ಬದಲಿಸಿಕೊಂಡು ಮತ್ತೆ ಬರುತ್ತದೆ. ಇದನ್ನು ಬರೆದರೆ ಗೆಳೆಯರು ಸಿಟ್ಟಾಗುತ್ತಾರೆ, ಗೊತ್ತು. ಆದರೂ ಹೇಳುತ್ತೇನೆ. ಮೆಕ್ಯಾನಿಕಲ್ ವಿದ್ಯಾರ್ಥಿಗೆ ಮಿನಿ ಪ್ರಾಜೆಕ್ಟ್ ಅಂತ ಒಂದು ಕೊಡುವುದಾದರೆ, ಮನೆಯಲ್ಲಿ ಮುರಿದು ಬಿದ್ದಿರುವ ವಸ್ತುವಿನ ಒಂದೇ ಒಂದು ಭಾಗವನ್ನು ಹೊಸದಾಗಿ ಮಾಡಿ ಕೂರಿಸಲು ಹೇಳಬೇಕು. ಅಂಕ ಅದಕ್ಕೇ ಕೊಡಬೇಕು.

ನಾನು ಹೀಗೆ ಹೇಳಲು ಕಾರಣ ಎರಡೂವರೆ ಇಂಚಿನ ಒಂದು ಬ್ಲೇಡು. ಅಪ್ಪ ಹುಬ್ಬಳ್ಳಿಯಲ್ಲಿ ವೈರಿಂಗ್ ಕೆಲಸ ಮಾಡುತ್ತಾರೆ. ಒಂಬತ್ತು ವರ್ಷದಿಂದ ಅವರ ಸೊಂಟದಲ್ಲಿ ಒಂದು ಮಲ್ಟಿಟೂಲ್ ಇದೆ. ಬಿಚ್ಚಿದರೆ ಇಕ್ಕಳ, ಹಿಡಿಕೆಯೊಳಗೆ ಮಡಚಿಕೊಂಡ ಸ್ಕ್ರೂಡ್ರೈವರ್, ಗರಗಸ, ಚಾಕು. ಕಳೆದ ದೀಪಾವಳಿ ಹೊತ್ತಿಗೆ ಚಾಕುವಿನ ತುದಿ ಮುರಿಯಿತು. ಉಳಿದ ಭಾಗವೂ ಸಾಣೆ ಹಿಡಿದು ಹಿಡಿದು ಸವೆದಿತ್ತು. ಇಕ್ಕಳ ಮಾತ್ರ ಇವತ್ತಿಗೂ ಕಲ್ಲಿನ ಹಾಗಿದೆ. ಅಂಗಡಿಯಲ್ಲಿ ಬ್ಲೇಡ್ ಒಂದನ್ನೇ ಕೇಳಿದರೆ, ‘ಸ್ಪೇರ್ ಬರಂಗಿಲ್ರಿ, ಪೂರಾ ಸೆಟ್ಟೇ ತಗೋಬೇಕು’ ಎಂದರು. ಸೆಟ್ಟಿಗೆ ನಾಲ್ಕು ಸಾವಿರದ ಮೇಲೆ. ಅಪ್ಪನಿಗೆ ಅದು ಐದು ದಿನದ ದುಡಿಮೆ.

ಕಂಪನಿಗಳನ್ನು ಬಯ್ಯುವುದು ಸುಲಭ. ಲಾಕ್ ಇರುವ ಬ್ಲೇಡನ್ನು ಯಾರೋ ಸರಿಯಾಗಿ ಕೂರಿಸದೆ ಬೆರಳು ಕತ್ತರಿಸಿಕೊಂಡರೆ ಹೊಣೆ ಯಾರದು ಎಂಬ ಅಂಜಿಕೆ ಅವರಿಗೂ ಇದ್ದೀತು. ಆದರೆ ಒಂದು ಭಾಗ ಸವೆದರೆ ಇಡೀ ಉಪಕರಣವನ್ನೇ ಎಸೆಯಬೇಕು ಎನ್ನುವುದು ಎಂಥ ಲೆಕ್ಕ? ನಮ್ಮ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ‘ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ’ ಬಗ್ಗೆ ಒಂದು ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು. ಎಲೆಕ್ಟ್ರಿಷಿಯನ್ ಸೊಂಟದಲ್ಲಿರುವ ಉಪಕರಣ ಆ ಪಟ್ಟಿಯಲ್ಲಿಲ್ಲ. ಪಟ್ಟಿಗೆ ಸೇರುವವರೆಗೆ ಅಪ್ಪ ಕಾಯಲಾರರು. ಹಾಗಾಗಿ ಮನೆಯಲ್ಲೇ ಮಾಡೋಣ ಎಂದು ಹೊರಟೆ.

ಚಾಕು ಮಾಡುವುದೆಂದರೆ ಅಲಗು ಮಾಡುವುದು ಎಂದು ಎಲ್ಲರೂ ತಿಳಿಯುತ್ತಾರೆ. ಮಲ್ಟಿಟೂಲಿನಲ್ಲಿ ಅಲಗು ಸುಲಭದ ಭಾಗ. ಕಷ್ಟ ಇರುವುದು ಬುಡದಲ್ಲಿ. ತಿರುಗುಪಿನ್ನಿನ ಸುತ್ತ ಇರುವ ಆ ಗುಂಡನೆಯ ತುಂಡು ಒಟ್ಟಿಗೆ ಮೂರು ಕೆಲಸ ಮಾಡುತ್ತದೆ: ಮಡಚಿದಾಗ ಅಲಗಿನ ಬಾಯಿ ಒಳಗೆ ಯಾವುದಕ್ಕೂ ಬಡಿಯದಂತೆ ತಡೆಯುತ್ತದೆ, ತೆರೆದಾಗ ಒಂದು ಕಡೆ ಆನಿಕೊಂಡು ನಿಲ್ಲುತ್ತದೆ, ಇನ್ನೊಂದು ಕಡೆ ಹಿಡಿಕೆಯೊಳಗಿನ ತೆಳು ಪಟ್ಟಿಗೆ ಒರಗಿ ಲಾಕ್ ಆಗುತ್ತದೆ. ಲಾಕ್ ಆಗುವ ಮುಖಕ್ಕೆ ಕೆಲವೇ ಡಿಗ್ರಿಯ ಇಳಿಜಾರಿರುತ್ತದೆ. ಅದು ಹೆಚ್ಚಾದರೆ ಪಟ್ಟಿ ಜಾರುತ್ತದೆ, ಚಾಕು ಬೆರಳ ಮೇಲೆ ಮಡಚಿಕೊಳ್ಳುತ್ತದೆ. ತೀರಾ ಕಡಿಮೆಯಾದರೆ ಲಾಕ್ ಕಚ್ಚಿಕೊಂಡು ಬಿಡಿಸಲು ಬರುವುದಿಲ್ಲ. ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಕೋನಗಳನ್ನು ಎಷ್ಟೋ ಬಾರಿ ಬರೆದಿದ್ದೇನೆ. ಒಂದು ಡಿಗ್ರಿ ಎಂದರೆ ಅಪ್ಪನ ತೋರುಬೆರಳು ಎಂದು ಯಾವ ಡ್ರಾಯಿಂಗ್ ಶೀಟೂ ಹೇಳಿರಲಿಲ್ಲ.

ಅದೃಷ್ಟಕ್ಕೆ ಅಪ್ಪನ ಮಲ್ಟಿಟೂಲಿನದು ರಿವೆಟ್ ಅಲ್ಲ, ನಕ್ಷತ್ರ ತಲೆಯ ಸ್ಕ್ರೂ. ಬಿಚ್ಚಿ, ಹಳೆಯ ಬ್ಲೇಡನ್ನು ಪಕ್ಕದಲ್ಲೊಂದು ಸ್ಟೀಲ್ ಸ್ಕೇಲ್ ಇಟ್ಟು ಝೆರಾಕ್ಸ್ ಅಂಗಡಿಯ ಸ್ಕ್ಯಾನರಿನಲ್ಲಿ ಸ್ಕ್ಯಾನ್ ಮಾಡಿಸಿದೆ. ಕಂಪ್ಯೂಟರಿನಲ್ಲಿ ಅದರ ಮೇಲೆ ಗೆರೆ ಎಳೆದು, ಮುರಿದ ತುದಿಯನ್ನು ಕಲ್ಪಿಸಿ ಸೇರಿಸಿ, ನಿಜ ಅಳತೆಯಲ್ಲೇ ಪ್ರಿಂಟ್ ತೆಗೆದೆ. ಅದನ್ನು ಮೊದಲು ರಟ್ಟಿಗೆ, ಆಮೇಲೆ ಐಸ್‌ಕ್ರೀಂ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ ಕತ್ತರಿಸಿದೆ. ಮುಚ್ಚಳದ ಬ್ಲೇಡನ್ನು ಹಿಡಿಕೆಯೊಳಗೆ ಕೂರಿಸಿ ಮಡಚಿ ತೆಗೆದು ನೋಡಿದರೆ ಎಲ್ಲಿ ತಾಗುತ್ತದೆ ಎಂಬುದು ಪೈಸೆ ಖರ್ಚಿಲ್ಲದೆ ತಿಳಿಯುತ್ತದೆ. ಇಕ್ಕಳವಿರುವ ಮಲ್ಟಿಟೂಲನ್ನು ಜಗತ್ತಿನಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ಟಿಮ್ ಲೆದರ್‌ಮನ್ ಕೂಡ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರೇ. 1975ರಲ್ಲಿ ಹೆಂಡತಿಯ ಜತೆ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ, ಜೇಬಿನ ಚಾಕುವಿಗೆ ಇಕ್ಕಳವೂ ಇದ್ದಿದ್ದರೆ ಎನ್ನಿಸಿತಂತೆ. ಅವರೂ ಶುರು ಮಾಡಿದ್ದು ರಟ್ಟಿನ ಮಾದರಿಯಿಂದ. ಕಂಪನಿ ಕಟ್ಟಿದ್ದು 1983ರಲ್ಲಿ. ನಡುವಿನ ಎಂಟು ವರ್ಷಗಳ ಕಥೆಯನ್ನು ನಮ್ಮ ‘ಸ್ಟಾರ್ಟಪ್’ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ.

ಉಕ್ಕಿನ ಆಯ್ಕೆಯಲ್ಲಿ ಪಠ್ಯ ನೆರವಿಗೆ ಬಂತು. ಮಲ್ಟಿಟೂಲಿನ ಬ್ಲೇಡುಗಳು ಸಾಮಾನ್ಯವಾಗಿ ಸ್ಟೇನ್‌ಲೆಸ್. ಅದನ್ನು ಗಡುಸಾಗಿಸಲು 1000 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಹಿತ್ತಿಲಿನ ಒಲೆಗೆ ಆಗದ ಮಾತು. ಟೂಲ್‌ರೂಮ್‌ಗಳಲ್ಲಿ ಡೈ, ಪಂಚ್ ಮಾಡಲು ಬಳಸುವ ಓಎಚ್‌ಎನ್‌ಎಸ್ ಎಂಬ ಉಕ್ಕಿಗೆ 800 ಡಿಗ್ರಿಯ ಆಸುಪಾಸು ಸಾಕು, ತಣಿಸಲು ಎಣ್ಣೆ ಸಾಕು, ತಣಿಯುವಾಗ ಸೊಟ್ಟಗಾಗುವುದೂ ಕಡಿಮೆ. ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಟೂಲ್‌ರೂಮಿಗೆ ಹೋಗಿ ಕೇಳಿದೆ. ಅಲ್ಲಿನ ಕಾಕಾ ಗುಜರಿ ಪೆಟ್ಟಿಗೆಯಿಂದ ಒಂದು ತುಂಡು ಆರಿಸಿ, ಸರ್ಫೇಸ್ ಗ್ರೈಂಡರಿನಲ್ಲಿ ಎರಡೂವರೆ ಎಂಎಂ ದಪ್ಪಕ್ಕೆ ಇಳಿಸಿಕೊಟ್ಟರು. ನನ್ನ ಡ್ರಾಯಿಂಗ್ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ತೂತು ಬಿಗಿ ಬೇಕೋ ಸಡ್ಲ ಬೇಕೋ, ತಮ್ಮಾ?’

ಯೋಚಿಸಿ ನೋಡಿ, ಲಿಮಿಟ್ಸ್ ಮತ್ತು ಫಿಟ್ಸ್ ಎಂಬ ಅಧ್ಯಾಯ ಪೂರ್ತಿ ಆ ಪ್ರಶ್ನೆಯಲ್ಲಿದೆ. ಬಿಗಿಯಾದರೆ ಚಾಕು ತೆರೆಯುವುದಿಲ್ಲ, ಸಡಿಲವಾದರೆ ಅಲ್ಲಾಡುತ್ತದೆ. ಮೈಕ್ರೋಮೀಟರಿನಲ್ಲಿ ಅಳೆದಾಗ ಪಿನ್ನು 4.98 ಎಂಎಂ ಇತ್ತು. 4.8ರ ಡ್ರಿಲ್ ಬಿಟ್ಟು, ಆಮೇಲೆ 5ರ ರೀಮರ್ ಆಡಿಸಿದೆವು. ನಡುವೆ ಉಳಿದದ್ದು 20 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಇದೆಲ್ಲ ಉಕ್ಕು ಮೆತ್ತಗಿರುವಾಗಲೇ ಆಗಬೇಕು. ಗಡುಸಾದ ಮೇಲೆ ಡ್ರಿಲ್ ಬಿಟ್ಟು ಕೂರುವುದಿಲ್ಲ.

ಮುಂದೆ ಎರಡು ಭಾನುವಾರ ಹ್ಯಾಕ್‌ಸಾ ಮತ್ತು ಅರ. ಅಲಗಿನ ಇಳಿಜಾರನ್ನು ಅರದಿಂದಲೇ ಉಜ್ಜಿ ತಂದೆ. ಬಾಯಿಯನ್ನು ಚೂಪು ಮಾಡದೆ ಅರ್ಧ ಎಂಎಂ ದಪ್ಪ ಉಳಿಸಿಕೊಂಡೆ, ತೆಳುವಾದರೆ ಬೆಂಕಿಯಿಂದ ಎಣ್ಣೆಗೆ ಹೋದಾಗ ಸೀಳುತ್ತದೆ. ಭುಜ ನೋಯುವ ಈ ಕೆಲಸದ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಅವ್ವ ಮಾತ್ರ ಓಣಿಯವರಿಗೆಲ್ಲ ಉತ್ತರ ಕೊಟ್ಟು ಸುಸ್ತಾದಳು: ‘ಚಾಕು ಮಾಡಾಕತ್ತಾನಂತ? ಬಿಇ ಓದಾಕ ಕಳಿಸಿದ್ರಿ ಹೌದಲ್ಲೋ?’

ಮೂರನೇ ಭಾನುವಾರ ಬೆಂಕಿ. ಹಿತ್ತಿಲಿನಲ್ಲಿ ಇಟ್ಟಿಗೆಯ ಪುಟ್ಟ ಕುಲುಮೆ, ಇದ್ದಿಲು, ತಿದಿಯ ಬದಲು ಹೇರ್ ಡ್ರೈಯರ್. ಪಕ್ಕದಲ್ಲಿ ಮರಳಿನ ಬಕೆಟ್, ಎಣ್ಣೆ ತುಂಬಿದ ಕಬ್ಬಿಣದ ಡಬ್ಬಿ, ಹೊತ್ತಿಕೊಂಡರೆ ಮುಚ್ಚಲು ಅದರ ಮುಚ್ಚಳ. ಅಪ್ಪ ಚರ್ಮದ ಕೈಗವಸು ಹಾಕಿಕೊಂಡು ನಿಂತಿದ್ದರು. ಯಾರಾದರೂ ಪ್ರಯತ್ನಿಸುವುದಿದ್ದರೆ ಇವಿಷ್ಟೂ ಇಲ್ಲದೆ, ಒಬ್ಬರೇ, ಮನೆಯೊಳಗೆ ಖಂಡಿತ ಬೇಡ. ಉಷ್ಣತೆ ಅಳೆಯುವ ಸಾಧನ ನಮ್ಮಲ್ಲಿರಲಿಲ್ಲ, ಆದರೆ ಅಯಸ್ಕಾಂತವಿತ್ತು. ಕಬ್ಬಿಣ ಸುಮಾರು 770 ಡಿಗ್ರಿಯಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಕೆಂಪಗೆ ಕಾದ ಬ್ಲೇಡನ್ನು ಅಯಸ್ಕಾಂತದ ಹತ್ತಿರ ಒಯ್ದಾಗ ಅದು ಎಳೆಯದೆ ಸುಮ್ಮನಿದ್ದ ಗಳಿಗೆ ಇದೆಯಲ್ಲ, ಅದನ್ನು ಹೇಗೆ ಹೇಳಲಿ! ಐರನ್-ಕಾರ್ಬನ್ ಡಯಾಗ್ರಂ ಅನ್ನು ನಾನು ಪರೀಕ್ಷೆಗಾಗಿ ಹತ್ತು ಬಾರಿಯಾದರೂ ಬರೆದಿದ್ದೇನೆ. ಅದರಲ್ಲಿ ಇಷ್ಟೊಂದು ಕೆಂಪು ಇದೆ ಎಂದು ಗೊತ್ತಿರಲಿಲ್ಲ. ಇನ್ನೂ ತುಸು ಕಾಯಿಸಿ, ಸ್ವಲ್ಪ ಹೊತ್ತು ಹಿಡಿದು, ಬೆಚ್ಚಗಿದ್ದ ಶೇಂಗಾ ಎಣ್ಣೆಗೆ ನೇರವಾಗಿ ಇಳಿಸಿದೆವು. ಓಣಿಯ ತುಂಬ ಭಜಿ ಕರಿದ ವಾಸನೆ.

ಆಮೇಲೆ ಅರ ಹಾಕಿದರೆ ಗಾಜಿನ ಮೇಲೆ ಜಾರಿದಂತೆ ಜಾರಿತು. ಗಡುಸಾಗಿದೆ ಎಂದು ಅದರಿಂದಲೇ ತಿಳಿಯುತ್ತದೆ. ಆದರೆ ಆಗ ಅದು ಗಾಜಿನ ಹಾಗೆಯೇ ಒಡೆಯುತ್ತದೆ ಕೂಡ. ತುಸು ಮೆತ್ತಗಾಗಿಸಬೇಕು, ಕಮ್ಮಾರರ ಮಾತಿನಲ್ಲಿ ಹದಕ್ಕೆ ತರಬೇಕು. ಎಣ್ಣೆಯ ಮಸಿ ಉಜ್ಜಿ ತೆಗೆದು, ಬಾಜೂ ಮನೆಯ ಕಾಕು ಕೇಕ್ ಮಾಡುವ ಓವನ್ನಿನಲ್ಲಿ 200 ಡಿಗ್ರಿಗೆ ಒಂದೊಂದು ಗಂಟೆಯಂತೆ ಎರಡು ಬಾರಿ ಇಟ್ಟೆ. ಹೊರಬಂದಾಗ ಬ್ಲೇಡಿನ ಮೈಗೆ ಒಣಹುಲ್ಲಿನ ತಿಳಿ ಹಳದಿ ಬಂದಿತ್ತು. ಅದೇ ನೀಲಿಗೆ ತಿರುಗಿದ್ದರೆ 300 ಡಿಗ್ರಿಯ ಹತ್ತಿರ ಹೋಗಿದೆ, ಬೇಕಾದ್ದಕ್ಕಿಂತ ಮೆತ್ತಗಾಗಿದೆ ಎಂದರ್ಥ. ಬ್ಲೇಡಿನ ಜತೆಗೇ ಹದ ಮಾಡಿದ್ದ ತುಂಡೊಂದನ್ನು ಕಾಲೇಜಿನ ರಾಕ್‌ವೆಲ್ ಯಂತ್ರದಲ್ಲಿಟ್ಟು ಒತ್ತಿದಾಗ 59 ತೋರಿಸಿತು. ಆ ಯಂತ್ರದ ರೀಡಿಂಗನ್ನು ನಮ್ಮಲ್ಲಿ ಬಹಳ ಜನ ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿ ಬರೆಯುತ್ತಾರೆ.

ಲಾಕ್ ಹೊಂದಿಸಲು ಒಂದು ಸಂಜೆ ಪೂರ್ತಿ ಹಿಡಿಯಿತು. ಬುಡದ ಮುಖಕ್ಕೆ ಮಾರ್ಕರ್ ಬಳಿದು, ತೆರೆದು, ಬಣ್ಣ ಎಲ್ಲಿ ಅಳಿಸಿದೆ ಎಂದು ನೋಡಿ, ಅಲ್ಲಿ ಮಾತ್ರ ಎಣ್ಣೆಗಲ್ಲಿನಿಂದ ಎರಡೇ ಎರಡು ಸಲ ತೀಡುವುದು, ಮತ್ತೆ ಬಳಿಯುವುದು. ಕಡೆಗೆ ‘ಟಕ್’ ಎಂಬ ಸದ್ದು ಬಂತು. ಬಾಯಿ ಬಟ್ಟೆಯಲ್ಲಿ ಸುತ್ತಿ, ಬೆನ್ನನ್ನು ಮರದ ಹಲಗೆಗೆ ಕುಟ್ಟಿ ಲಾಕ್ ಜಾರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅಪ್ಪನ ಕೈಗೆ ಕೊಟ್ಟೆ.

ಒಟ್ಟು ಖರ್ಚು ನಾನೂರು ರೂಪಾಯಿಯೊಳಗೆ. ಇದು ಕಂಪನಿಯ ಬ್ಲೇಡಿಗೆ ಸಮ ಎಂದು ನಾನು ಹೇಳುವುದಿಲ್ಲ. ಸ್ಟೇನ್‌ಲೆಸ್ ಅಲ್ಲವಾದ್ದರಿಂದ ಬೆವರು ತಾಗಿದರೆ ತುಕ್ಕು ಬರುತ್ತದೆ; ಅಪ್ಪ ರಾತ್ರಿ ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಸವರಿಡುತ್ತಾರೆ. ಮೂರು ಭಾನುವಾರಗಳ ಬೆಲೆ ಕಟ್ಟಿದರೆ ಹೊಸದನ್ನು ಕೊಳ್ಳುವುದೇ ಅಗ್ಗ ಎಂದು ನನ್ನ ಗೆಳೆಯನೊಬ್ಬ ಲೆಕ್ಕ ಹಾಕಿ ತೋರಿಸಿದ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅವನು ಅದೇ ತಿಂಗಳು ಪ್ರಾಜೆಕ್ಟ್ ಪ್ಯಾಕೇಜಿಗೆ ತನ್ನ ಪಾಲಿನ ಎರಡೂವರೆ ಸಾವಿರ ಕಟ್ಟಿದ್ದ.

ಇನ್ನೊಂದು ಮಾತು ಹಲವರ ಬಾಯಲ್ಲಿ ಬಂತು: ‘ಇದೆಲ್ಲ ಐಟಿಐ ಹುಡುಗ್ರ ಕೆಲ್ಸ, ನಮ್ದಲ್ಲ.’ ನನಗೆ ನಿಜವಾಗಿ ಸಿಟ್ಟು ಬರುವುದು ಈ ಮಾತಿಗೆ. ಕೈಗೆ ಮಸಿ ಹತ್ತಿದರೆ ದರ್ಜೆ ಇಳಿಯುತ್ತದೆ ಎಂಬ ನಂಬಿಕೆ ಎಂಜಿನಿಯರಿಂಗ್ ಕಾಲೇಜಿಗಿಂತ ಬಹಳ ಹಳೆಯದು. ಕಮ್ಮಾರ, ಬಡಗಿ, ಚಮ್ಮಾರರನ್ನು ಊರ ಅಂಚಿಗೆ ಕೂರಿಸಿದ ಬುದ್ಧಿಯೇ ಇವತ್ತು ಕ್ಯಾಡ್ ಮುಂದೆ ಕುಳಿತು ಹೀಗೆ ಮಾತನಾಡುತ್ತದೆ. ಟೂಲ್‌ರೂಮಿನ ಕಾಕಾಗೆ ಟ್ರಾನ್ಸಿಷನ್ ಫಿಟ್ ಎಂಬ ಪದ ಬೇಕಿಲ್ಲ, ಆದರೆ ಅದು ಏನೆಂದು ಅವರ ಬೆರಳಿಗೆ ಗೊತ್ತು. ನಮಗೆ ಪದ ಗೊತ್ತು. ಇಬ್ಬರ ಸಂಬಳದ ನಡುವಿನ ಅಂತರಕ್ಕೆ ಕಾರಣ ಇದೊಂದೇ ಆಗಿದ್ದರೆ, ಆ ಸಂಬಳ ನಮಗೆ ಬಹಳ ದಿನ ಉಳಿಯುವುದಿಲ್ಲ.

ಕಳೆದ ತಿಂಗಳು ಇಂಟರ್ನ್‌ಶಿಪ್ ಸಂದರ್ಶನದಲ್ಲಿ ‘ನೀನು ಸ್ವತಃ ಏನು ಮಾಡಿದ್ದೀಯ?’ ಎಂದು ಕೇಳಿದರು. ಐಸ್‌ಕ್ರೀಂ ಮುಚ್ಚಳದ ಮಾದರಿ ಮತ್ತು ಫೋಟೊಗಳನ್ನು ಮೇಜಿನ ಮೇಲಿಟ್ಟೆ (ಚಾಕು ಒಯ್ದಿದ್ದರೆ ಗೇಟಿನಲ್ಲೇ ನಿಲ್ಲಿಸುತ್ತಿದ್ದರು). ಸ್ಟೇನ್‌ಲೆಸ್ ಯಾಕೆ ಬಳಸಲಿಲ್ಲ, 200 ಡಿಗ್ರಿಯೇ ಯಾಕೆ, ಲಾಕ್ ಜಾರುವುದಿಲ್ಲ ಎಂದು ಹೇಗೆ ಗೊತ್ತು ಎಂದು ಕೇಳುತ್ತಲೇ ಹೋದರು. ಯಾವ ಉತ್ತರವನ್ನೂ ಬಾಯಿಪಾಠ ಮಾಡಿರಲಿಲ್ಲ. ಆಯ್ಕೆಯಾದೆ ಎಂದು ಇಲ್ಲಿ ಬರೆಯುವ ಆಸೆಯಿತ್ತು; ಫಲಿತಾಂಶ ಇನ್ನೂ ಬಂದಿಲ್ಲ.

ಕಾಲೇಜುಗಳಿಗೆ ಇದಕ್ಕಾಗಿ ಹೊಸ ಲ್ಯಾಬ್ ಬೇಕಿಲ್ಲ. ಮುರಿದ ಮಿಕ್ಸರಿನ ಕಪ್ಲಿಂಗ್, ಹೊಲಿಗೆ ಯಂತ್ರದ ಹಲ್ಲುಚಕ್ರ, ಸ್ಪ್ರೇಯರಿನ ವಾಲ್ವ್, ಯಾವುದಾದರೂ ಸರಿ. ಭಾಗವನ್ನು ಪರೀಕ್ಷಕರ ಎದುರು ಬಿಚ್ಚಿ, ಕೂರಿಸಿ, ಓಡಿಸಿ ತೋರಿಸಬೇಕು ಎಂಬ ಒಂದೇ ನಿಯಮವಿರಲಿ. ಅದನ್ನು ಪ್ಯಾಕೇಜಿನಲ್ಲಿ ಮಾರುವುದು ಅಷ್ಟು ಸುಲಭವಲ್ಲ, ಏಕೆಂದರೆ ಪ್ರತಿ ಮನೆಯಲ್ಲಿ ಮುರಿದದ್ದು ಬೇರೆ ಬೇರೆ. ನಮ್ಮ ಕಾಲೇಜಿನ ಫಿಟ್ಟಿಂಗ್ ಶಾಪ್‌ಗೆ ಮೊದಲ ವರ್ಷದ ಬ್ಯಾಚ್ ಹೋದ ಮೇಲೆ ಬೀಗ ಬೀಳುತ್ತದೆ. ಶನಿವಾರ ಮಧ್ಯಾಹ್ನ ಅದನ್ನು ತೆರೆದಿಟ್ಟರೆ ಸಾಕು. ಒಳಗೆ ಹದಿನೆಂಟು ವೈಸ್‌ಗಳಿವೆ, ಕಿಟಕಿಯಿಂದ ಎಣಿಸಿದ್ದೇನೆ.