ಚಿಪ್ ಕನಸಿನಲ್ಲಿ ಬಿ.ಎಸ್ಸಿ.ಯವರಿಗೂ ಪಾಲಿದೆ

‘ಸೆಮಿಕಂಡಕ್ಟರ್ ಕ್ಷೇತ್ರದಲ್ಲಿ ಕೆಲಸ ಬೇಕಿದ್ದರೆ ಎಂಜಿನಿಯರಿಂಗ್ ಓದಬೇಕಿತ್ತು’. ಎಂ.ಎಸ್ಸಿ. ಓದುವ ನಮಗೆ ಈ ಮಾತು ಹೊಸದಲ್ಲ. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ₹76,000 ಕೋಟಿಯ ಸೆಮಿಕಂಡಕ್ಟರ್ ಯೋಜನೆಗೆ ಒಪ್ಪಿಗೆ ನೀಡಿತು. 2024ರ ಫೆಬ್ರುವರಿಯಲ್ಲಿ ಗುಜರಾತಿನ ಧೋಲೇರಾದ ₹91,000 ಕೋಟಿ ವೆಚ್ಚದ ಚಿಪ್ ಕಾರ್ಖಾನೆಗೆ ಅನುಮೋದನೆ ಸಿಕ್ಕಿತು. ಈ ಅಂಕಿಗಳ ಮುಂದೆ ನಮ್ಮ ಕಾಲೇಜಿನ ಪ್ರಯೋಗಾಲಯ ತೀರಾ ಸಣ್ಣದಾಗಿ ಕಾಣುತ್ತದೆ, ನಿಜ. ಆದರೆ ಅರೆವಾಹಕ ಬೆಳೆಸಲು ಯಾವಾಗಲೂ ಕೋಟಿಗಳು ಬೇಕಿಲ್ಲ.

ಪಿಯುಸಿಯಲ್ಲಿ ಓದಿದ ವಿದ್ಯುಲ್ಲೇಪನ ನೆನಪಿದೆಯೇ? ಚಮಚಕ್ಕೆ ಬೆಳ್ಳಿ, ಬೋಲ್ಟ್‌ಗೆ ಸತು ಲೇಪಿಸುವ ಅದೇ ವಿದ್ಯೆಯಿಂದ ಅರೆವಾಹಕದ ನ್ಯಾನೊ ಕಡ್ಡಿಗಳನ್ನೂ ಬೆಳೆಸಬಹುದು. ಜಿಂಕ್ ನೈಟ್ರೇಟ್‌ನ ತೆಳು ದ್ರಾವಣವನ್ನು 70ರಿಂದ 90 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ವಿದ್ಯುತ್ ಹರಿಯುವ ಲೇಪವಿರುವ ಗಾಜನ್ನು ಅದರಲ್ಲಿ ಮುಳುಗಿಸಿ, ಅದನ್ನು ಋಣ ಧ್ರುವವಾಗಿಸಿ ಸುಮಾರು ಒಂದು ವೋಲ್ಟ್ ಕೊಡಬೇಕು. ಗಾಜಿನ ಮೈಮೇಲೆ ಹೈಡ್ರಾಕ್ಸೈಡ್ ಹುಟ್ಟಿ, ಸತುವಿನೊಂದಿಗೆ ಸೇರಿ ಜಿಂಕ್ ಆಕ್ಸೈಡ್ ಆಗುತ್ತದೆ. ಹದ ಸರಿಯಿದ್ದರೆ ಅದು ಆರು ಮೂಲೆಯ ಕಡ್ಡಿಗಳಾಗಿ ನೆಟ್ಟಗೆ ನಿಲ್ಲುತ್ತದೆ.

ಈ ಕಡ್ಡಿಗಳಿಂದ ಏನು ಪ್ರಯೋಜನ? ಹಳೆಯ ಟಿ.ವಿ.ಯ ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಹೊರಡಿಸಲು ಲೋಹವನ್ನು ಕಾಯಿಸಬೇಕಿತ್ತು. ಚೂಪಾದ ತುದಿಯಲ್ಲಿ ವಿದ್ಯುತ್ ಕ್ಷೇತ್ರ ಒಟ್ಟುಗೂಡುವುದರಿಂದ, ಕಾಯಿಸದೆಯೇ ಎಲೆಕ್ಟ್ರಾನ್‌ಗಳು ನಿರ್ವಾತಕ್ಕೆ ನುಸುಳುತ್ತವೆ. 1928ರಲ್ಲಿ ಫೌಲರ್ ಮತ್ತು ನಾರ್ಡ್‌ಹೈಮ್ ಇದನ್ನು ಕ್ವಾಂಟಂ ಸಿದ್ಧಾಂತದಿಂದ ವಿವರಿಸಿದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಪುಟ್ಟ ಎಕ್ಸ್‌-ರೇ ಯಂತ್ರಗಳಿಗೆ ಇಂಥ ತಣ್ಣನೆಯ ಮೂಲ ಬೇಕು.

ಸಮಸ್ಯೆಗಳೂ ಇವೆ. ಒತ್ತಾಗಿ ನಾಟಿ ಮಾಡಿದ ಪೈರಿನಂತೆ ಕಡ್ಡಿಗಳು ದಟ್ಟವಾದರೆ ಒಂದಕ್ಕೊಂದು ಮರೆಯಾಗುತ್ತವೆ. ಎತ್ತರದ ಸುಮಾರು ಎರಡರಷ್ಟು ಅಂತರವಿದ್ದರೆ ಫಲ ಚೆನ್ನ. ಉಳಿದ ಅನಿಲ ತುದಿಗಳನ್ನು ಕೆಡಿಸುತ್ತದೆ, ಹೊರಬರುವ ವಿದ್ಯುತ್ ಏರಿಳಿಯುತ್ತದೆ. ಬಗೆಹರಿಯದ ಪ್ರಶ್ನೆಗಳಿವೆ ಎಂದರೆ ಹೊಸಬರಿಗೆ ಕೆಲಸವಿದೆ ಎಂದೇ ಅರ್ಥ.

ನಿಜವಾದ ತೊಡಕು ಬೇರೆಡೆ ಇದೆ. ನಮ್ಮ ಪ್ರಾಜೆಕ್ಟ್‌ನಲ್ಲಿ ಗಾಜಿನ ಮೇಲೆ ಬಿಳಿ ಪದರವೇನೋ ಬಂತು. ಅದು ಕಡ್ಡಿಗಳೋ, ಬರೀ ಪುಡಿಯೋ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇರಲಿಲ್ಲ. ಎಲೆಕ್ಟ್ರಾನ್ ಹೊರಡುತ್ತದೆಯೇ ಎಂದು ಅಳೆಯಲು ನಿರ್ವಾತ ಕೋಣೆಯೂ ಇರಲಿಲ್ಲ. ವರದಿಯಲ್ಲಿ ಫಲಿತಾಂಶದ ಪುಟ ಅರ್ಧ ಖಾಲಿ ಉಳಿಯಿತು. ಇಂಥವರಿಗಾಗಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿ ಬಾಂಬೆಯಲ್ಲಿ ‘ಇಂಡಿಯನ್ ನ್ಯಾನೊಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ’ 2008ರಲ್ಲೇ ಶುರುವಾಗಿದೆ ಎಂಬುದು ನಮಗೆ ತಿಳಿದದ್ದು ಪ್ರಾಜೆಕ್ಟ್ ಮುಗಿದ ಮೇಲೆ! ಹೊರಗಿನ ಸಂಶೋಧಕರಿಗೆ ಅಲ್ಲಿ ತರಬೇತಿ ಕೊಟ್ಟು ಉಪಕರಣ ಬಳಸಲು ಬಿಡುತ್ತಾರೆ.

ಚಿಪ್‌ನೊಳಗಿನ ತಂತಿಗಳಿಗೆ ಅಲ್ಯೂಮಿನಿಯಂ ಬದಲು ತಾಮ್ರ ಬಳಸುವುದಾಗಿ ಐಬಿಎಂ 1997ರಲ್ಲಿ ಪ್ರಕಟಿಸಿತು. ಆ ತಾಮ್ರವನ್ನು ತುಂಬುವುದೂ ವಿದ್ಯುಲ್ಲೇಪನದಿಂದಲೇ. ಅಂದರೆ ಚಿಪ್ ಕಾರ್ಖಾನೆಗೆ ವಿನ್ಯಾಸಕಾರರಷ್ಟೇ ಸಾಲದು, ದ್ರಾವಣದ ಹದ ಬಲ್ಲವರೂ ಬೇಕು. ವಿಶ್ವವಿದ್ಯಾಲಯಗಳು ತಮ್ಮ ಉಪಕರಣಗಳನ್ನು ಸುತ್ತಲಿನ ಕಾಲೇಜುಗಳಿಗೂ ತೆರೆದಿಡಲಿ. ನಾವೂ ಅಷ್ಟೇ, ‘ನಮ್ಮಲ್ಲಿ ಸೌಲಭ್ಯ ಇಲ್ಲ’ ಎಂದು ಸುಮ್ಮನಾಗುವ ಮೊದಲು ಎಲ್ಲಿದೆ ಎಂದು ಕೇಳೋಣ. ನಮ್ಮ ಜೂನಿಯರ್‌ಗಳ ವರದಿಯಲ್ಲಾದರೂ ಆ ಪುಟ ತುಂಬಲಿ.