ಹಡೆದವರಿಗೆ ಫಲಿತಾಂಶ ಹೇಳಿ

ಈ ವಾರ ಸವದತ್ತಿ ಕಡೆಯ ಒಂದು ಕುಬಸದ ಊಟದಲ್ಲಿ ಓದು ಬಲ್ಲ ಹಿರಿಯರೊಬ್ಬರು ಬಸುರಿಯ ಎದುರಿಗೇ ಹೇಳಿದರು: "ದವಾಖಾನ್ಯಾಗ ಯಾವುದಾರ ಕಾಗದಕ್ಕ ಸಹಿ ಮಾಡು ಅಂದ್ರ ಮಾಡಬ್ಯಾಡವ್ವ. ನಮ್ಮ ಹೆಣ್ಮಕ್ಕಳನ್ನ ಪ್ರಯೋಗದ ಇಲಿ ಮಾಡ್ಯಾರ." ಪಂಕ್ತಿಯಲ್ಲಿದ್ದವರೆಲ್ಲ ತಲೆಯಾಡಿಸಿದರು. ಯಾರೋ ಮೊಬೈಲ್ ತೆರೆದು ಒಂದು ಸಂದೇಶ ತೋರಿಸಿದರು. ಬಳ್ಳಾರಿ ಬಾಣಂತಿಯರ ಸಾವು, ಬೆಳಗಾವಿಯ ವೈದ್ಯಕೀಯ ಸಂಶೋಧನೆ ಎರಡನ್ನೂ ಕಲಸಿ ಬರೆದಿದ್ದರು. ಆ ಹುಡುಗಿಯ ಮುಖ ನೋಡಿ ನನಗೆ ತುತ್ತು ಇಳಿಯಲಿಲ್ಲ.

2024ರ ನವೆಂಬರಿನ ಬಳ್ಳಾರಿಯನ್ನು ಯಾರೂ ಮರೆತಿಲ್ಲ. ಅಲ್ಲಿ ಪ್ರಶ್ನೆ ಎದ್ದದ್ದು ಆಸ್ಪತ್ರೆಗೆ ಪೂರೈಕೆಯಾದ ಸಲಾಯಿನ್ ಗುಣಮಟ್ಟದ ಬಗ್ಗೆ. ಅದಕ್ಕೂ ಸಂಶೋಧನೆಗೂ ಸಂಬಂಧವಿಲ್ಲ. ಸಿಟ್ಟಿದ್ದರೆ ಔಷಧ ಖರೀದಿಸಿದವರ ಮೇಲೆ ತೋರಿಸಲಿ, ಬಸುರಿಯನ್ನು ಹೆದರಿಸುವುದು ಬೇಡ.

ನಮ್ಮವರಿಗೆ ಗೊತ್ತಿರಬೇಕಾದ ಕಥೆ ಬೇರೆಯೇ ಇದೆ. 2002ರಿಂದ 2005ರವರೆಗೆ ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಣ್ಣುಮಕ್ಕಳು ಒಂದು ಅಧ್ಯಯನಕ್ಕೆ ಒಪ್ಪಿದರು. ನಡೆಸಿದ್ದು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಬಿ.ಎಸ್. ಕೊಡಕಣಿ, ಡಾ. ಶಿವಪ್ರಸಾದ ಗೌಡರ, ಅಮೆರಿಕದ ಡಾ. ರಿಚರ್ಡ್ ಡರ್ಮನ್ ಮತ್ತು ಸಂಗಡಿಗರು. ಹೆರಿಗೆ ಮಾಡಿಸಿದ್ದು ಮಾತ್ರ 25 ಮಂದಿ ಎಎನ್‌ಎಂ ಸಿಸ್ಟರುಗಳು. ಕೂಸು ಹುಟ್ಟಿದ ಕೂಡಲೇ ತಾಯಿಗೆ ಗುಳಿಗೆ ನುಂಗಿಸಬೇಕು. 812 ಮಂದಿಗೆ ಮಿಸೊಪ್ರೊಸ್ಟಾಲ್, 808 ಮಂದಿಗೆ ಔಷಧವೇ ಇಲ್ಲದ, ನೋಡಲು ಅಂಥದ್ದೇ ಗುಳಿಗೆ. ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಇದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ರಕ್ತಸ್ರಾವ ತಡೆಗೆ ಈ ಗುಳಿಗೆಯನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ರಕ್ತ ಅಳೆದದ್ದು ಹೇಗೆ? ಬಾಣಂತಿಯ ಕೆಳಗೆ ಹಾಸಿ ಹೊಟ್ಟೆಗೆ ಕಟ್ಟುವ ಒಂದು ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲಿ ಕೆಳಕ್ಕೆ ಕಿರಿದಾಗುವ ಚೀಲ, ಚೀಲದ ಮೈಮೇಲೆ ಮಿಲಿಲೀಟರಿನ ಗೆರೆಗಳು. 500ರ ಗೆರೆ ಮುಟ್ಟಿತೋ, ಸಿಸ್ಟರು ಓಡಬೇಕು. ಅಲ್ಲಿಯವರೆಗೆ ತೊಯ್ದ ಬಟ್ಟೆ ನೋಡಿ ಅಂದಾಜು ಕಟ್ಟುತ್ತಿದ್ದರು. ಬೆಳಗಾವಿಯಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ ಕಣ್ಣಂದಾಜು ಚೀಲದ ಲೆಕ್ಕಕ್ಕಿಂತ ಶೇ 33ರಷ್ಟು ಕಡಿಮೆ ಬಂತು. ಅಷ್ಟು ರಕ್ತ ಕಣ್ಣೆದುರೇ ಹರಿದುಹೋದರೂ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಇಂಥದ್ದೇ ಅಳತೆಚೀಲ ಹಾಸಿ, ರಕ್ತಸ್ರಾವ ಕಂಡೊಡನೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಕೊಟ್ಟರು. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ಶೇ 60ರಷ್ಟು ಕಡಿಮೆಯಾದವೆಂದು 2023ರಲ್ಲಿ ವರದಿಯಾಯಿತು.

ಬರೀ ಹೊಗಳಿ ಮುಗಿಸುವ ವಿಷಯ ಇದಲ್ಲ. ಆ 808 ತಾಯಂದಿರು ನನ್ನನ್ನು ಕಾಡುತ್ತಾರೆ. ಹಳ್ಳಿಯ ಹೆರಿಗೆಗಳಲ್ಲಿ ಆಗ ರಕ್ತಸ್ರಾವ ತಡೆಯಲು ಏನೂ ಕೊಡುತ್ತಿರಲಿಲ್ಲ, ಹಾಗಾಗಿ ಅವರಿಂದ ಏನನ್ನೂ ಕಸಿದಂತಾಗಲಿಲ್ಲ ಎನ್ನುವುದು ಸಮರ್ಥನೆ. ಒಪ್ಪುತ್ತೇನೆ. ಆದರೆ ಒಪ್ಪಿದ ಮೇಲೆ ಅವರ ಋಣ ಲೋಕದ ಮೇಲಿದೆ ಎನ್ನುವುದನ್ನೂ ಒಪ್ಪಬೇಕಾಗುತ್ತದೆ.

ಪ್ರಯೋಗವೇ ಬೇಡ ಎನ್ನುವವರು ಇದನ್ನೂ ಕೇಳಲಿ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಹಾಗಿದ್ದರೆ ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡುವುದು ಒಳ್ಳೆಯದೆಂದು ವೈದ್ಯಲೋಕ ನಂಬಿತ್ತು. ಬೆಳಗಾವಿಯೂ ಸೇರಿ ಆರು ದೇಶಗಳ ಹಳ್ಳಿಗಾಡಿನಲ್ಲಿ ಪರೀಕ್ಷಿಸಿದಾಗ, ಒಟ್ಟಾರೆ ನವಜಾತ ಶಿಶುಗಳ ಸಾವು ಇಳಿಯುವ ಬದಲು ಏರಿತೆಂದು 2015ರಲ್ಲಿ ಗೊತ್ತಾಯಿತು. ಪರೀಕ್ಷೆ ನಡೆಯದೇ ಇದ್ದಿದ್ದರೆ ಸರಿಯಾದ ಸೌಕರ್ಯ ಇಲ್ಲದ ಕಡೆಯೂ ಅದನ್ನೇ ಚುಚ್ಚುತ್ತಿದ್ದರು. ಆಗ ನಾವೆಲ್ಲರೂ ಇಲಿಗಳೇ ಆಗುತ್ತಿದ್ದೆವು, ಅದೂ ಯಾವ ಕಾಗದಕ್ಕೂ ಸಹಿ ಮಾಡದೆ. ಹೆರಿಗೆ ಬೇನೆಯಲ್ಲಿ ಒಂದೇ ಸಲ ಎರಡು ಗ್ರಾಂ ಅಜಿತ್ರೊಮೈಸಿನ್ ಕೊಟ್ಟರೆ ತಾಯಿಯ ನಂಜು ಕಡಿಮೆಯಾಗುತ್ತದೆ ಎಂದು 2023ರಲ್ಲಿ ತೋರಿಸಿಕೊಟ್ಟ ಏಳು ದೇಶಗಳ ಅಧ್ಯಯನದಲ್ಲೂ ಬೆಳಗಾವಿಯ ತಾಯಂದಿರಿದ್ದರು.

ನನ್ನ ತಕರಾರು ಸಹಿಯ ಗಳಿಗೆಯ ಬಗ್ಗೆ, ಅದರ ನಂತರದ ಮೌನದ ಬಗ್ಗೆ. ಒಮ್ಮೆ ಒಂದು ಹಳ್ಳಿಯಲ್ಲಿ ನೋಡಿದೆ. ಆಶಾ ಕಾರ್ಯಕರ್ತೆ ಕಾಗದ ಓದುತ್ತಿದ್ದಳು, ಬಸುರಿ ಸೆರಗಿನ ಅಂಚು ಸುತ್ತುತ್ತ ಕೂತಿದ್ದಳು. "ತಿಳೀತೇನವಾ?" ಎಂದು ಕೇಳಿದಾಗ ಉತ್ತರ ಕೊಟ್ಟವಳು ಅತ್ತೆ. ಸೊಸೆ ಅತ್ತೆಯ ಮುಖ ನೋಡಿಯೇ ಹೆಬ್ಬೆರಳನ್ನು ಶಾಯಿಗೆ ಒತ್ತಿದಳು. ಸಾಕ್ಷಿ ಇದ್ದರು, ನಿಯಮ ಪೂರೈಸಿತು. ಆ ಹುಡುಗಿಯನ್ನು ಐದು ನಿಮಿಷ ಒಬ್ಬಳೇ ಕೂರಿಸಿ ಕೇಳಬೇಕಿತ್ತು ಎಂದು ಯಾರಿಗೂ ಅನಿಸಲಿಲ್ಲ.

ಬೆಳಗಾವಿಯ ತಾಯಿ ಮತ್ತು ನವಜಾತ ಶಿಶು ನೋಂದಣಿಯವರು ಹೆರಿಗೆಯಾಗಿ 42 ದಿನದವರೆಗೆ ತಾಯಿ–ಮಗುವಿನ ಯೋಗಕ್ಷೇಮ ವಿಚಾರಿಸುತ್ತಾರೆ. ಚೊಚ್ಚಲ ಬಾಣಂತಿ ತವರಿಗೆ ಹೋಗಿದ್ದರೂ ಬೆನ್ನುಹತ್ತಿ ಹುಡುಕಬೇಕಾದ ಕೆಲಸ ಅದು, ಶ್ಲಾಘಿಸುತ್ತೇನೆ. ಆದರೆ ಯಾವುದೇ ಅಧ್ಯಯನ ಮುಗಿದು ವರ್ಷಗಳ ಮೇಲೆ, "ಅವ್ವಾ, ನೀನು ನುಂಗಿದ್ದು ಈ ಗುಳಿಗೆ, ಅದರಿಂದ ಇಷ್ಟು ಜೀವ ಉಳಿದವು" ಎಂದು ಹೇಳಲು ಮತ್ತೆ ಆ ಮನೆ ಬಾಗಿಲಿಗೆ ಹೋಗುವ ರೂಢಿ ನಮ್ಮ ದೇಶದಲ್ಲಿ ಬೆಳೆಯಲಿಲ್ಲ. ವರ್ಷಗಳಿಂದ ಇದನ್ನೇ ಬರೆಯುತ್ತಿದ್ದೇನೆ, ಮತ್ತೆ ಬರೆಯುತ್ತೇನೆ: ಫಲಿತಾಂಶವನ್ನು ಗ್ರಾಮಸಭೆಯಲ್ಲಿ, ನಮ್ಮ ಕಡೆಯ ಕನ್ನಡದಲ್ಲಿ, ಆ ತಾಯಂದಿರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಓದಿ ಹೇಳಬೇಕು. ಹಾಗೆ ಮಾಡಿದ್ದರೆ ಮೊನ್ನೆಯ ಪಂಕ್ತಿಯಲ್ಲಿ ಆ ಹಿರಿಯರ ಮಾತಿಗೆ ಎದುರಾಡುವ ಒಬ್ಬ ಹೆಣ್ಣುಮಗಳಾದರೂ ಇರುತ್ತಿದ್ದಳು.

ಚಳಿಗಾಲದ ಅಧಿವೇಶನಕ್ಕೆ ಶಾಸಕರೆಲ್ಲ ಸುವರ್ಣ ವಿಧಾನಸೌಧಕ್ಕೆ ಬರುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಾಲ್ವರು ಶಾಸಕರು ಉತ್ತರ ಕರ್ನಾಟಕದ ಅನ್ಯಾಯದ ಬಗ್ಗೆ ಬಾಯಿ ತೆರೆಯುವ ಮೊದಲು ತಂತಮ್ಮ ಕ್ಷೇತ್ರದ ಒಂದೊಂದು ಹೆರಿಗೆ ಕೋಣೆಗೆ ಹೋಗಿ, ಗೆರೆ ಎಳೆದ ಆ ಚೀಲ ಎಲ್ಲಿದೆ ಎಂದು ಕೇಳಲಿ. ಇಲ್ಲ ಎಂಬ ಉತ್ತರ ಬಂದರೆ, ಕೀನ್ಯಾದ ಬಾಣಂತಿಗೆ ಸಿಕ್ಕದ್ದು ತಮ್ಮ ಊರಿನ ಬಾಣಂತಿಗೆ ಯಾಕೆ ಸಿಗಲಿಲ್ಲ ಎಂದು ಸದನದಲ್ಲಿ ನಿಂತು ಹೇಳಬೇಕಾದವರು ಅವರೇ.