ಅಕ್ಷರವಾದ ಕಟ್ಟಡ

ಮೆಕ್‌ಡೊನಾಲ್ಡ್ಸ್ ಉಪಾಹಾರ ಗೃಹದ ಮೇಲಿನ ಆ ಹಳದಿ ‘ಎಮ್’ ಏನೆಂದು ಕೇಳಿದರೆ, ಹೆಸರಿನ ಮೊದಲ ಅಕ್ಷರ ಎಂದು ಐದನೇ ತರಗತಿಯ ಹುಡುಗನೂ ಹೇಳುತ್ತಾನೆ. ಉತ್ತರ ಅರ್ಧ ಮಾತ್ರ ಸರಿ. ಅಕ್ಷರವಾಗುವ ಮೊದಲು ಅದು ಕಟ್ಟಡವಾಗಿತ್ತು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ರಿಚರ್ಡ್ ಮತ್ತು ಮಾರಿಸ್ ಮೆಕ್‌ಡೊನಾಲ್ಡ್ ಎಂಬ ಸೋದರರ ತಿಂಡಿಯಂಗಡಿಯಿತ್ತು. 1948ರಲ್ಲಿ ಅವರು ತಿಂಡಿಗಳ ಪಟ್ಟಿಯನ್ನು ಮೊಟಕು ಮಾಡಿ, ಗಿರಾಕಿಯೇ ಕಿಟಕಿಗೆ ಬಂದು ಒಯ್ಯುವ ಏರ್ಪಾಟು ಮಾಡಿದರು. ಬೇರೆ ಊರಿನವರಿಗೂ ಪರವಾನಗಿ ಕೊಡಲು ಹೊರಟಾಗ, ದೂರದಿಂದಲೇ ಕಣ್ಣಿಗೆ ಬೀಳುವ ಕಟ್ಟಡ ಬೇಕೆನಿಸಿತು.

ದೂರದಿಂದಲೇ ಏಕೆ? ಗಿರಾಕಿ ಕಾರಿನಲ್ಲಿದ್ದಾನೆ. ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಂಗಡಿಯನ್ನು ಕಂಡು, ಹಿಂದೆ ಕುಳಿತ ಮಕ್ಕಳನ್ನು ಕೇಳಿ, ಬ್ರೇಕ್ ಒತ್ತಲು ಹತ್ತು ಸೆಕೆಂಡು ಹಿಡಿಯಿತೆನ್ನಿ. ಅಷ್ಟರಲ್ಲಿ 170 ಮೀಟರ್ ಕಳೆದುಹೋಯಿತು! ಬಾಗಿಲ ಮೇಲಿನ ಬೋರ್ಡನ್ನು ಓದುವ ಹೊತ್ತಿಗೆ ಅಂಗಡಿಯೇ ಹಿಂದೆ ಬಿದ್ದಿರುತ್ತದೆ. ಹಾಗಾಗಿ ಕಟ್ಟಡವನ್ನೇ ಬೋರ್ಡು ಮಾಡಿದರು.

ರಿಚರ್ಡ್ ಗೀಚಿದ್ದು ಎರಡು ಅರ್ಧವೃತ್ತಗಳನ್ನು. ವಾಸ್ತುಶಿಲ್ಪಿ ಸ್ಟ್ಯಾನ್ಲಿ ಮೆಸ್ಟನ್ ಅವನ್ನು ಎತ್ತರದ ಪರವಲಯಗಳಾಗಿ ತಿದ್ದಿದ. ಮೇಲಕ್ಕೆ ಓರೆಯಾಗಿ ಎಸೆದ ಚೆಂಡು ನೆಲಕ್ಕೆ ಬೀಳುವ ಹಾದಿಯೇ ಪರವಲಯ. ಹಾಗಾಗಿ ಕಮಾನು ನಿಂತಿದ್ದರೂ ಜಿಗಿಯುವಂತೆ ಕಾಣುತ್ತದೆ. ಕಟ್ಟಡದ ಎಡಕ್ಕೊಂದು, ಬಲಕ್ಕೊಂದು ಹಳದಿ ಲೋಹದ ಕಮಾನು, ಅಂಚಿಗೆ ನಿಯಾನ್ ದೀಪ. (ಶುದ್ಧ ನಿಯಾನ್ ಕೊಡುವುದು ಕೆಂಪು-ಕಿತ್ತಳೆ ಬೆಳಕು, ಬೇರೆ ಬಣ್ಣಗಳಿಗೆ ಬೇರೆ ಅನಿಲವೋ ಲೇಪ ಹಚ್ಚಿದ ಗಾಜೋ ಬೇಕು. ನಾವು ಎಲ್ಲಕ್ಕೂ ನಿಯಾನ್ ಎಂದೇ ಕರೆಯುತ್ತೇವೆ.) ಇಂಥ ಮೊದಲ ಅಂಗಡಿ 1953ರಲ್ಲಿ ಫೀನಿಕ್ಸ್ ನಗರದಲ್ಲಿ ತೆರೆಯಿತು. ಅದೇ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್ ಬಳಿಯ ಡೌನಿ ಎಂಬಲ್ಲಿ ಇನ್ನೊಂದು.

ಈಗ ಎರಡು ಪೊರಕೆ ಕಡ್ಡಿಗಳನ್ನು ಕಮಾನಿನಂತೆ ಬಗ್ಗಿಸಿ, ಬೆಂಕಿಪೊಟ್ಟಣದ ಎರಡು ಉದ್ದ ಬದಿಗಳಿಗೆ ಒಂದೊಂದರಂತೆ ಜೇಡಿಮಣ್ಣಿನಲ್ಲಿ ನೆಡಿ. ನೇರ ಮುಂದಿನಿಂದ ನೋಡಿದರೆ ಎರಡು ಕಂಬಗಳು. ಪಕ್ಕದಿಂದ ನೋಡಿದರೆ ಒಂದೇ ಕಮಾನು, ಇನ್ನೊಂದು ಅದರ ಹಿಂದೆ ಅಡಗಿರುತ್ತದೆ. ಮೂಲೆಯಿಂದ, ಅಂದರೆ ರಸ್ತೆಯಲ್ಲಿ ಬರುವ ಕಾರಿನವನಿಗೆ ಕಂಡಂತೆ, ಓರೆಯಾಗಿ ನೋಡಿ. ‘ಎಮ್’ ಮೂಡುತ್ತದೆ! ತಂದೆ ತಾಯಿಯರೂ ಒಮ್ಮೆ ಬಗ್ಗಿ ನೋಡಬಹುದು.

1962ರ ಲಾಂಛನ ಈ ಓರೆನೋಟದ್ದೇ ಚಿತ್ರ. ಚಾವಣಿಯ ಇಳಿಜಾರನ್ನು ಸೂಚಿಸುವ ಗೆರೆಯೂ ಅದರಲ್ಲಿತ್ತು. 1968ರಲ್ಲಿ ಆ ಗೆರೆ ಹೋಯಿತು, ಅಕ್ಷರ ಉಳಿಯಿತು. ಆ ಹೊತ್ತಿಗೆ ಕಟ್ಟಡದ ಕಾಲವೂ ಮುಗಿಯುತ್ತಿತ್ತು. ಇಟ್ಟಿಗೆ ಗೋಡೆ, ತಗ್ಗಿದ ಚಾವಣಿ, ಒಳಗೆ ಕುರ್ಚಿ ಮೇಜುಗಳ ಹೊಸ ಅಂಗಡಿಗಳು ಬಂದು, ಕಮಾನುಗಳು ಒಂದೊಂದಾಗಿ ನೆಲ ಕಚ್ಚಿದವು. ಬನ್ನಿನ ತಲೆಯ ಪುಟ್ಟ ಬಾಣಸಿಗ ‘ಸ್ಪೀಡಿ’ಯ ಜಾಗಕ್ಕೆ ಕೋಡಂಗಿ ವೇಷದ ರೊನಾಲ್ಡ್ ಬಂದ.

ಆದರೆ ಡೌನಿಯ ಅಂಗಡಿ ಉಳಿದುಕೊಂಡಿತು. ಅದರ ಪರವಾನಗಿ ಸೋದರರೇ ನೇರವಾಗಿ ಕೊಟ್ಟದ್ದಾದ್ದರಿಂದ, ಕಂಪನಿಯ ಹೊಸ ನಮೂನೆಗೆ ಒಗ್ಗಬೇಕೆಂಬ ಕಟ್ಟಳೆ ಅದಕ್ಕಿರಲಿಲ್ಲ. ಆದರೂ ಒಳಗೆ ಕೂರಲು ಜಾಗವಿಲ್ಲ, ವ್ಯಾಪಾರವೂ ಕಡಿಮೆ. 1990ರಲ್ಲಿ ಅದು ಕಂಪನಿಯ ಕೈಗೆ ಬಂತು. 1994ರ ಜನವರಿಯ ಭೂಕಂಪ ಅದನ್ನು ಜಖಂಗೊಳಿಸಿತು, ಅಂಗಡಿಯ ಬಾಗಿಲು ಮುಚ್ಚಿತು. ಕೆಡವಿದರೆ ಕೇಳುವವರಾರು ಎನ್ನುವಂತಿತ್ತು. ಕೇಳಿದರು! ಅಲ್ಲಿನ ರಾಷ್ಟ್ರೀಯ ಪರಂಪರೆ ಸಂರಕ್ಷಣಾ ಟ್ರಸ್ಟ್ ಅದೇ ವರ್ಷ, ದೇಶದಲ್ಲಿ ಅತ್ಯಂತ ಅಪಾಯದಲ್ಲಿರುವ 11 ತಾಣಗಳ ಪಟ್ಟಿಗೆ ಈ ಬನ್ನಿನಂಗಡಿಯನ್ನು ಸೇರಿಸಿತು. ಕೋಟೆ ಕೊತ್ತಲಗಳಿಗೆ ಸಲ್ಲುವ ಮರ್ಯಾದೆ ತಿಂಡಿಯಂಗಡಿಗೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಅಲ್ಲಿ ಮಾರುವ ತಿಂಡಿಯ ಗುಣಾವಗುಣ ಬೇರೆ ಮಾತು. ಆದರೆ ಚಿಕ್ಕಂದಿನಲ್ಲಿ ಅಪ್ಪನ ಕಾರಿನಿಂದ ಆ ಕಮಾನುಗಳನ್ನು ಕಂಡವರಿಗೆ, ಅವು ಕೋಟೆಯ ಬಾಗಿಲಿಗಿಂತ ಕಡಿಮೆಯೇನಲ್ಲ.

1996ರ ಅಕ್ಟೋಬರ್‌ನಲ್ಲಿ ಭಾರತದ ಮೊದಲ ಮೆಕ್‌ಡೊನಾಲ್ಡ್ಸ್ ದೆಹಲಿಯ ವಸಂತ ವಿಹಾರದಲ್ಲಿ ತೆರೆಯಿತು. ನಮ್ಮಲ್ಲಿಗೆ ಬಂದದ್ದು ಅಕ್ಷರ ಮಾತ್ರ. ಅದೇ ಡಿಸೆಂಬರ್‌ನಲ್ಲಿ, ದುರಸ್ತಿಗೊಂಡ ಡೌನಿಯ ಅಂಗಡಿ ಮತ್ತೆ ಬಾಗಿಲು ತೆರೆಯಿತು. 60 ಅಡಿ ಎತ್ತರದ ಫಲಕದ ಮೇಲೆ ಸ್ಪೀಡಿ ಇನ್ನೂ ಓಡುತ್ತಾನೆ. ಕಾಲುಗಳ ದೀಪದ ಕೊಳವೆಗಳು ಸರದಿಯಂತೆ ಹೊತ್ತಿ ಆರುವುದನ್ನು ಕಣ್ಣು ಓಟವೆಂದು ನಂಬುತ್ತದೆ. ಕೆಳಗೆ ಗಿರಾಕಿಗಳು 1953ರಲ್ಲಿದ್ದಂತೆಯೇ ಕಿಟಕಿಯ ಮುಂದೆ ನಿಂತು ಪೊಟ್ಟಣ ಒಯ್ಯುತ್ತಾರೆ.